ಬೀದರ್ ವಾಯುನೆಲೆ: ರನ್‌ವೇ ಇದೆ, ಜನರ ವಿಮಾನಕ್ಕೆ ಮಾತ್ರ ಯಾಕೆ ಖಾತ್ರಿ ಇಲ್ಲ?

ಬೀದರ್‌ನಲ್ಲಿ ಬೆಳೆದವರಿಗೆ ಜೆಟ್ ವಿಮಾನದ ಸದ್ದು ಮನೆಯ ಗಡಿಯಾರದ ಸದ್ದಿನಷ್ಟೇ ಪರಿಚಯ. ಶಾಲೆಯಲ್ಲಿ ಬೆಳಗಿನ ಪೀರಿಯಡ್ ನಡೆಯುತ್ತಿರುತ್ತದೆ. ವಾಯುಪಡೆಯ ತರಬೇತಿ ಜೆಟ್ ಹಾಕ್ ಒಂದು ತಲೆ ಮೇಲೆ ಹಾದು ಹೋಗುತ್ತದೆ. ಮಾಸ್ತರು ಅರ್ಧ ಮಾತಿಗೇ ನಿಲ್ಲಿಸಿ, ಸೀಮೆಸುಣ್ಣ ಕೈಯಲ್ಲೇ ಹಿಡಿದು ಕಾಯುತ್ತಾರೆ. ಸದ್ದು ಅಡಗಿದ ಮೇಲೆ ಬಿಟ್ಟಲ್ಲಿಂದ ಪಾಠ ಮತ್ತೆ ಶುರು. ಮಕ್ಕಳು ಕಿಟಕಿ ಕಡೆ ತಿರುಗಿಯೂ ನೋಡುವುದಿಲ್ಲ. ಹೊರಗಿನಿಂದ ಬಂದ ನೆಂಟರು ಮಾತ್ರ ಮಾಳಿಗೆ ಹತ್ತಿ, ಹಣೆಗೆ ಕೈ ಅಡ್ಡ ಹಿಡಿದು ಆಕಾಶ ನೋಡುತ್ತಾ ನಿಲ್ಲುತ್ತಾರೆ.

ಅದೇ ಮನೆಯವರು ಬೆಂಗಳೂರಿಗೆ ಹೊರಡಬೇಕಾದರೆ ಸುಮಾರು 700 ಕಿ.ಮೀ. ದಾರಿ. ರಾತ್ರಿಯಿಡೀ ಬಸ್ಸಿನಲ್ಲೋ ರೈಲಿನಲ್ಲೋ ಕೂರಬೇಕು. ವಿಮಾನದಲ್ಲಿ ಹೋಗೋಣ ಅಂದರೆ ಮೊದಲು ಕೇಳುವ ಪ್ರಶ್ನೆ ಟಿಕೆಟ್ ದರದ್ದಲ್ಲ. 'ಈಗ ಫ್ಲೈಟ್ ಇದೆಯಾ, ನಿಂತಿದೆಯಾ?' ಅನ್ನುವುದು. 2020ರಿಂದ ಈಚೆಗೆ ಇಲ್ಲಿಂದ ಬೆಂಗಳೂರಿಗೆ ವಿಮಾನ ಮೂರು ಸಲ ಶುರುವಾಗಿದೆ. ಮೂರು ಸಲ ಶುರುವಾಗಿದೆ ಅಂದರೆ ನಡುವೆ ಎರಡು ಸಲ ನಿಂತಿದೆ ಅಂತಲೇ ಅರ್ಥ.

ಊರಲ್ಲಿ ಇದಕ್ಕೆ ಸಾಮಾನ್ಯವಾಗಿ ಸಿಗುವ ಉತ್ತರ, 'ಅದು ಏರ್‌ಫೋರ್ಸ್ ಜಾಗ ರೀ, ಅವರು ಬಿಡಬೇಕಲ್ವಾ' ಅಂತ. ನನಗೆ ಈ ಉತ್ತರ ಒಪ್ಪಿಗೆಯಿಲ್ಲ. ಬೀದರ್‌ನ ಕಷ್ಟಕ್ಕೆ ಮುಖ್ಯ ಕಾರಣ ವಾಯುಪಡೆಯ ಬೇಲಿ ಅಲ್ಲ. ಹೈದರಾಬಾದ್ ವಿಮಾನ ನಿಲ್ದಾಣಕ್ಕಾಗಿ ಬರೆದ ಒಂದು ಒಪ್ಪಂದದ ಸಾಲು ಮತ್ತು ವಿಮಾನ ಕಂಪನಿಗೆ ಸಿಗುವ, ಮೂರು ವರ್ಷಕ್ಕೆ ಮುಗಿಯುವ ಒಂದು ಸಹಾಯಧನ. ಇದು ಅರ್ಥ ಆಗಬೇಕಾದರೆ ಈ ನೆಲೆ ಇಲ್ಲಿಗೆ ಹೇಗೆ ಬಂತು, ಒಳಗೆ ಏನು ನಡೆಯುತ್ತದೆ ಅಂತ ನೋಡಬೇಕು.

ಬೀದರ್ ಊರು ಕೂತಿರುವುದೇ ಕೆಂಪು ಮುರಕಲ್ಲಿನ ಎತ್ತರದ ಬಯಲಿನ ಮೇಲೆ. ಸಮುದ್ರ ಮಟ್ಟದಿಂದ 600 ಮೀಟರ್‌ಗಿಂತ ಎತ್ತರ. ಸುತ್ತ ದೊಡ್ಡ ಬೆಟ್ಟಗಳಿಲ್ಲ. ಮಳೆಗಾಲ ಬಿಟ್ಟರೆ ಆಕಾಶ ಬಹುಪಾಲು ತಿಳಿಯಾಗಿರುತ್ತದೆ. ಬಹಮನಿ ಸುಲ್ತಾನರು ಕಲಬುರಗಿಯಿಂದ ರಾಜಧಾನಿಯನ್ನು ಈ ಎತ್ತರಕ್ಕೆ ತಂದರು. ಐದು ಶತಮಾನ ಕಳೆದ ಮೇಲೆ ವಿಮಾನದವರಿಗೂ ಇದೇ ಬಯಲು ಹಿಡಿಸಿತು.

ಇಲ್ಲಿನ ವಿಮಾನದ ಕಥೆ ಭಾರತೀಯ ವಾಯುಪಡೆಯಿಂದ ಶುರುವಾಗಲಿಲ್ಲ. ನಿಜಾಮರ ಕಾಲದಲ್ಲೇ ಬೀದರ್‌ನಲ್ಲಿ ವಿಮಾನ ಇಳಿಯುವ ಜಾಗ ಇತ್ತು. 1948ರಲ್ಲಿ ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಲು ಒಪ್ಪದೆ ಕೂತಿತ್ತು. ಸುತ್ತಲೂ ಭಾರತದ ನೆಲ, ಹಾಗಾಗಿ ಆಯುಧ ತರಿಸಲು ಉಳಿದಿದ್ದು ಆಕಾಶ ಒಂದೇ. ಆಗ ಸಿಡ್ನಿ ಕಾಟನ್ ಎಂಬ ಆಸ್ಟ್ರೇಲಿಯಾದ ಪೈಲಟ್ ಲ್ಯಾಂಕಾಸ್ಟ್ರಿಯನ್ ವಿಮಾನಗಳಲ್ಲಿ ಕರಾಚಿಯಿಂದ ಕಳ್ಳತನದಲ್ಲಿ ಬಂದೂಕು ತಂದು ಬೀದರ್ ಮತ್ತು ವಾರಂಗಲ್‌ನಲ್ಲಿ ಇಳಿಸುತ್ತಿದ್ದ. ಸೆಪ್ಟೆಂಬರ್‌ನಲ್ಲಿ ಭಾರತದ ಸೇನೆ ಒಳಗೆ ಬಂತು. ಐದೇ ದಿನಕ್ಕೆ ಕಾರ್ಯಾಚರಣೆ ಮುಗಿಯಿತು. ಕಾಟನ್‌ಗೆ ಆಮೇಲೆ ಇಂಗ್ಲೆಂಡಿನ ಕೋರ್ಟು ದಂಡ ಹಾಕಿತು. ಅಂದರೆ ಬೀದರ್‌ನ ಆಕಾಶಕ್ಕೆ ಸೇನೆಯ ಲೆಕ್ಕದಲ್ಲಿ ಬೆಲೆ ಬಂದಿದ್ದು ಬೀದರ್ ಇನ್ನೂ ಕರ್ನಾಟಕಕ್ಕೆ ಸೇರುವ ಮೊದಲೇ.

ಈಗಿನ ನೆಲೆಗೆ ಕಾರಣ ಚೀನಾ ಯುದ್ಧ. 1962ರಲ್ಲಿ ಸೋತ ಮೇಲೆ ಸರ್ಕಾರ ವಾಯುಪಡೆಯನ್ನು ದೊಡ್ಡದು ಮಾಡಲು ಹೊರಟಿತು. ವಿಮಾನ ದುಡ್ಡು ಕೊಟ್ಟರೆ ಬರುತ್ತದೆ. ಪೈಲಟ್‌ಗಳನ್ನು ತಯಾರು ಮಾಡಲು ವರ್ಷಗಳೇ ಬೇಕು. ಅದಕ್ಕೆ ಗಡಿಯಿಂದ ದೂರ, ತಿಳಿ ಆಕಾಶ, ಖಾಲಿ ಬಯಲು ಇರುವ ಜಾಗಗಳನ್ನು ಹುಡುಕಿದರು. 1963ರಲ್ಲಿ ಬೀದರ್‌ನಲ್ಲಿ ತರಬೇತಿ ಕೇಂದ್ರ ಶುರುವಾಯಿತು. ಬೆಂಗಳೂರಿನ ಯಲಹಂಕ ನೆಲೆ ಶುರುವಾಗಿದ್ದೂ ಅದೇ ವರ್ಷ. ಹೈದರಾಬಾದ್ ಸುತ್ತಮುತ್ತ ಹಕೀಂಪೇಟೆ ಇತ್ತು, ಮುಂದೆ ದುಂಡಿಗಲ್‌ನಲ್ಲಿ ವಾಯುಪಡೆಯ ಅಕಾಡೆಮಿ ಬಂತು. ಹೀಗೆ ದಖ್ಖನ್ ಬಯಲು ಪೈಲಟ್‌ಗಳನ್ನು ಬೆಳೆಸುವ ನೆಲ ಆಯಿತು.

2025ರ ಮೇ ತಿಂಗಳಲ್ಲಿ ಪಾಕಿಸ್ತಾನದ ಜೊತೆ ಸಂಘರ್ಷ ನಡೆದಾಗ ಆದಂಪುರ, ನೂರ್ ಖಾನ್ ಅಂತ ಏರ್‌ಬೇಸ್‌ಗಳ ಹೆಸರು ಎಲ್ಲರ ಬಾಯಲ್ಲೂ ಇತ್ತು. ಬೀದರ್ ಹೆಸರು ಅಂಥ ಸುದ್ದಿಯಲ್ಲಿ ಬರುವುದಿಲ್ಲ. ಆದರೆ ಗಡಿಯ ನೆಲೆಗಳಿಂದ ಹಾರುವ ಫೈಟರ್ ಪೈಲಟ್‌ಗಳಲ್ಲಿ ಬಹಳ ಮಂದಿ ಬೀದರ್‌ನ ಈ ರನ್‌ವೇ ಮೇಲೆ ಕಲಿತವರೇ.

ಈ ಕಲಿಕೆಯ ಹಿಂದೆ ಒಂದು ನೋವಿನ ಕಥೆ ಇದೆ. ಇದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು.

ಬಹಳ ವರ್ಷ ನಮ್ಮ ಹುಡುಗರು ನಿಧಾನದ ತರಬೇತಿ ಜೆಟ್‌ಗಳಲ್ಲಿ ಕಲಿತು, ಅಲ್ಲಿಂದ ಸೀದಾ ಮಿಗ್-21 ಹತ್ತುತ್ತಿದ್ದರು. ಎರಡರ ನಡುವೆ ದೊಡ್ಡ ಕಂದಕ. ಮಿಗ್-21 ಶಬ್ದಕ್ಕಿಂತ ಎರಡು ಪಟ್ಟು ವೇಗದಲ್ಲಿ ಹಾರಬಲ್ಲ ವಿಮಾನ. ರನ್‌ವೇ ಮುಟ್ಟುವಾಗಲೂ ಅದರ ವೇಗ ಗಂಟೆಗೆ 300 ಕಿ.ಮೀ.ಗಿಂತ ಜಾಸ್ತಿ. ರೆಕ್ಕೆ ಸಣ್ಣದು, ತಪ್ಪು ತಿದ್ದಿಕೊಳ್ಳಲು ಸಿಗುವ ಸಮಯ ಇನ್ನೂ ಸಣ್ಣದು. ಇಪ್ಪತ್ತೆರಡು ಇಪ್ಪತ್ಮೂರು ವರ್ಷದ ಹುಡುಗರು ಜೀವ ಕಳೆದುಕೊಂಡರು. ನಡುವೆ ಒಂದು ಮೆಟ್ಟಿಲು ಬೇಕು, ವೇಗದ ತರಬೇತಿ ಜೆಟ್ ತರಲೇಬೇಕು ಅಂತ ವಾಯುಪಡೆಯ ಅಪಘಾತಗಳನ್ನು ಪರಿಶೀಲಿಸಿದ ಲಾ ಫಾಂಟೇನ್ ಸಮಿತಿ 1982ರಲ್ಲೇ ಹೇಳಿತ್ತು. ಬ್ರಿಟನ್ ಜೊತೆ ಹಾಕ್ ವಿಮಾನದ ಒಪ್ಪಂದ ಆಗಿದ್ದು 2004ರಲ್ಲಿ. 22 ವರ್ಷ!

2012ರಲ್ಲಿ ಆಗಿನ ರಕ್ಷಣಾ ಸಚಿವ ಎ.ಕೆ. ಆಂಟನಿ ಸಂಸತ್ತಿಗೆ ಕೊಟ್ಟ ಲೆಕ್ಕ ಓದಿದರೆ ಇವತ್ತಿಗೂ ಸಂಕಟ ಆಗುತ್ತದೆ. ಕೊಂಡಿದ್ದ 872 ಮಿಗ್ ವಿಮಾನಗಳಲ್ಲಿ ಅರ್ಧಕ್ಕಿಂತ ಹೆಚ್ಚು ಬಿದ್ದಿದ್ದವು. 171 ಪೈಲಟ್‌ಗಳು ಸತ್ತಿದ್ದರು. ಎಲ್ಲ ಸಾವಿಗೂ ತರಬೇತಿಯ ಕೊರತೆಯೇ ಕಾರಣ ಅಲ್ಲ. ಯಂತ್ರದ ತೊಂದರೆ, ಹಕ್ಕಿ ಬಡಿತ ಎಲ್ಲವೂ ಸೇರಿದೆ. ಆದರೆ ನಡುವಿನ ಮೆಟ್ಟಿಲು ಬೇಗ ಬಂದಿದ್ದರೆ ಒಂದಷ್ಟು ಮನೆಗಳಲ್ಲಿ ಮಗ ಉಳಿಯುತ್ತಿದ್ದ.

ಆ ಮೆಟ್ಟಿಲು ಬಂದಿದ್ದು ಬೀದರ್‌ಗೆ. 2008ರ ಫೆಬ್ರವರಿಯಲ್ಲಿ ಹಾಕ್ ಇಲ್ಲಿ ವಾಯುಪಡೆಗೆ ಸೇರಿತು. ಮೊದಲ ಒಪ್ಪಂದದ 66 ವಿಮಾನಗಳಲ್ಲಿ 24 ಬ್ರಿಟನ್‌ನಿಂದ ಸಿದ್ಧವಾಗಿ ಬಂದವು. 42 ನಮ್ಮ ಬೆಂಗಳೂರಿನ ಎಚ್‌ಎಎಲ್‌ನಲ್ಲಿ ತಯಾರಾದವು. ಮುಂದೆ ಇನ್ನೂ 57ಕ್ಕೆ ಆರ್ಡರ್ ಹೋಯಿತು, ಅದರಲ್ಲಿ 17 ನೌಕಾಪಡೆಗೆ. ರಾಜ್ಯದ ಒಂದು ತುದಿಯಲ್ಲಿ ತಯಾರಾದ ವಿಮಾನ ಇನ್ನೊಂದು ತುದಿಯಲ್ಲಿ ಹುಡುಗರಿಗೆ ಹಾರಲು ಕಲಿಸುತ್ತದೆ.

ಬೀದರ್‌ನವರು ದಿನಾ ನೋಡುವ ಒಂದು ದೃಶ್ಯ ಇದೆ. ಹಾಕ್ ಇಳಿಯಲು ಬರುತ್ತದೆ. ಮೂಗು ಸ್ವಲ್ಪ ಮೇಲೆತ್ತಿ, ಗಾಲಿ ಬಿಟ್ಟು ಕೆಳಗೆ ಬರುತ್ತದೆ. ಗಾಲಿ ನೆಲ ಮುಟ್ಟುತ್ತದೆ. ಇನ್ನೇನು ನಿಂತೇಬಿಟ್ಟಿತು ಅನ್ನುವಾಗ ಎಂಜಿನ್ ಮತ್ತೆ ಗುಡುಗಿ ವಿಮಾನ ಮೇಲಕ್ಕೆದ್ದು ಹೋಗುತ್ತದೆ. ಒಂದು ಸುತ್ತು ಹಾಕಿ ಮತ್ತೆ ಬರುತ್ತದೆ. ಸಣ್ಣವನಿದ್ದಾಗ ನಾನು ಏನೋ ಕೆಟ್ಟಿದೆ, ಅದಕ್ಕೇ ಇಳಿಯಲು ಆಗುತ್ತಿಲ್ಲ ಅಂದುಕೊಂಡು ಹೆದರಿದ್ದೆ. ಆದರೆ ಪಾಠ ಅಂದರೆ ಅದೇ. ಹಾಕ್‌ನಲ್ಲಿ ಎರಡು ಸೀಟು. ಮುಂದೆ ಕಲಿಯುವವನು, ಹಿಂದೆ ಕಲಿಸುವವರು. ಹಿಂದಿನ ಸೀಟು ಸ್ವಲ್ಪ ಎತ್ತರಕ್ಕಿದೆ, ಹುಡುಗನ ತಲೆ ಮೇಲಿಂದ ಗುರುವಿಗೆ ರನ್‌ವೇ ಕಾಣಬೇಕು ಅಂತ. ಇಳಿಯುವುದು ಕೈಗೆ ಕೂರುವ ತನಕ ಮುಟ್ಟಿ ಏಳುವುದೇ ಕೆಲಸ. ಆಮೇಲೆ ಜೋಡಿಯಾಗಿ ಹಾರುವುದು, ನೆಲಕ್ಕೆ ಹತ್ತಿರದಲ್ಲಿ ದಾರಿ ಹುಡುಕುವುದು, ಗುರಿ ಇಡುವುದು.

ಈ ದೃಶ್ಯವನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ. ಯುದ್ಧ ನೆಲೆಗೂ ತರಬೇತಿ ನೆಲೆಗೂ ಇರುವ ವ್ಯತ್ಯಾಸ ಇಲ್ಲಿದೆ. ಯುದ್ಧ ನೆಲೆಯಲ್ಲಿ ವಿಮಾನ ಸಾಮಾನ್ಯವಾಗಿ ಒಮ್ಮೆ ಏಳುತ್ತದೆ, ಕೆಲಸ ಮುಗಿಸಿ ಒಮ್ಮೆ ಇಳಿಯುತ್ತದೆ. ತರಬೇತಿ ನೆಲೆಯಲ್ಲಿ ಒಬ್ಬನೇ ಹುಡುಗ ಒಂದು ಪಾಠದಲ್ಲಿ ನಾಲ್ಕಾರು ಸಲ ರನ್‌ವೇ ಕೇಳುತ್ತಾನೆ. ಅದರ ಮೇಲೆ ಅವನು ಹೊಸಬ. 'ಸ್ವಲ್ಪ ಹೊತ್ತು ಮೇಲೆ ಸುತ್ತುತ್ತಿರಪ್ಪಾ, ಪ್ಯಾಸೆಂಜರ್ ವಿಮಾನ ಇಳಿಯಲಿ' ಅಂತ ಅವನನ್ನು ಕಾಯಿಸುವುದು ಸುಲಭ ಅಲ್ಲ. ಇಂಧನ ಎಣಿಸಿ ತುಂಬಿರುತ್ತದೆ, ಕೈ ಇನ್ನೂ ಪಳಗಿರುವುದಿಲ್ಲ.

ದೇಶದ ಮೊದಲ ಮೂವರು ಮಹಿಳಾ ಫೈಟರ್ ಪೈಲಟ್‌ಗಳಾದ ಅವನಿ ಚತುರ್ವೇದಿ, ಭಾವನಾ ಕಾಂತ್, ಮೋಹನಾ ಸಿಂಗ್ 2016ರ ಜೂನ್‌ನಲ್ಲಿ ದುಂಡಿಗಲ್‌ನಲ್ಲಿ ಅಧಿಕಾರಿಗಳಾದಾಗ ಮುಂದಿನ ಪಾಠಕ್ಕೆ ಗೊತ್ತಾಗಿದ್ದ ಊರು ಬೀದರ್. 2022ರ ಮೇ 30ರಂದು ಇಲ್ಲೇ ಇನ್ನೊಂದು ಘಟನೆ ನಡೆಯಿತು. ಏರ್ ಕಮಾಡೋರ್ ಸಂಜಯ್ ಶರ್ಮಾ ಮತ್ತು ಅವರ ಮಗಳು ಫ್ಲೈಯಿಂಗ್ ಆಫೀಸರ್ ಅನನ್ಯಾ ಶರ್ಮಾ ಒಂದೇ ತಂಡದಲ್ಲಿ ಹಾಕ್‌ಗಳನ್ನು ಹಾರಿಸಿದರು. ವಿಮಾನದ ಮುಂದೆ ಅಪ್ಪ ಮಗಳು ಅಕ್ಕಪಕ್ಕ ನಿಂತ ಆ ಫೋಟೊ ಮೊಬೈಲ್‌ನಿಂದ ಮೊಬೈಲ್‌ಗೆ ಹರಿದಾಡಿತು. ಬೀದರ್‌ನಲ್ಲಿ ಎಷ್ಟೋ ಹೆಣ್ಣುಮಕ್ಕಳು ಅದನ್ನು ನೋಡಿದ್ದಾರೆ. ಸುಮ್ನೆ ಹೆಮ್ಮೆಗಾಗಿ ಇದನ್ನು ಹೇಳುತ್ತಿಲ್ಲ. ಬೇಲಿಯ ಹೊರಗಿನ ಮಕ್ಕಳಿಗೆ ಒಳಗಿನ ಬದುಕು ಕಂಡ ಅಪರೂಪದ ಗಳಿಗೆ ಅದು.

ಆಕಾಶದಲ್ಲಿ ಕಸರತ್ತು ತೋರಿಸುವ ವಾಯುಪಡೆಯ ಸೂರ್ಯಕಿರಣ ತಂಡ ಹುಟ್ಟಿದ್ದೂ ಇಲ್ಲೇ, 1996ರಲ್ಲಿ. ಒಂಬತ್ತು ವಿಮಾನ ಒಂದೇ ಮೈಯಂತೆ ತಿರುಗುವುದನ್ನು ಏರ್ ಶೋಗಳಲ್ಲಿ ದೇಶ ಟಿಕೆಟ್ ಕೊಟ್ಟು ನೋಡಿತು. ಬೀದರ್ ತನ್ನ ಮಾಳಿಗೆ ಮೇಲಿಂದ ಅದರ ಅಭ್ಯಾಸವನ್ನು ದಿನಾ ನೋಡಿತು. ಆಗಿನ ವಿಮಾನ ಎಚ್‌ಎಎಲ್‌ನ ಕಿರಣ್. 2011ರಲ್ಲಿ ತರಬೇತಿಗೆ ವಿಮಾನ ಸಾಲದೆ ತಂಡವನ್ನೇ ನಿಲ್ಲಿಸಿದರು. ಆಮೇಲೆ ಹಾಕ್ ಜೊತೆ ಮತ್ತೆ ಕಟ್ಟಿದರು. ಸಾವೂ ಈ ಊರಿಗೆ ಹೊಸದಲ್ಲ. 2006ರ ಮಾರ್ಚ್‌ನಲ್ಲಿ ತಂಡದ ಇಬ್ಬರು, 2009ರ ಜನವರಿಯಲ್ಲಿ ಒಬ್ಬರು ಬೀದರ್ ಹತ್ತಿರವೇ ಅಭ್ಯಾಸದಲ್ಲಿ ತೀರಿಕೊಂಡರು.

ಈಗ ಜನರ ವಿಮಾನಕ್ಕೆ ಬರೋಣ.

ವಾಯುಪಡೆಯ ರನ್‌ವೇ ಪಕ್ಕದಲ್ಲಿ ನಾಗರಿಕರಿಗೆ ಒಂದು ಟರ್ಮಿನಲ್ ಕಟ್ಟಿ, ರನ್‌ವೇ ಹಂಚಿಕೊಳ್ಳುವುದು ನಮ್ಮ ದೇಶದಲ್ಲಿ ಹಳೆಯ ಪದ್ಧತಿ. ಇದಕ್ಕೆ ಸಿವಿಲ್ ಎನ್‌ಕ್ಲೇವ್ ಅನ್ನುತ್ತಾರೆ. ಪುಣೆಯಲ್ಲಿ ಸುಖೋಯ್ ಎದ್ದ ರನ್‌ವೇ ಮೇಲೇ ಇಂಡಿಗೋ ಏಳುತ್ತದೆ. ಶ್ರೀನಗರ, ಚಂಡೀಗಢ, ಬಾಗ್‌ಡೋಗ್ರಾ, ಗ್ವಾಲಿಯರ್ ಎಲ್ಲ ಹೀಗೇ. ಗೋವಾದ ದಾಬೋಲಿಂ ನೌಕಾಪಡೆಯದು. ಅಲ್ಲಿ ವಾರದ ದಿನಗಳಲ್ಲಿ ಬೆಳಗಿನ ಹೊತ್ತು ನೌಕಾಪಡೆಯ ತರಬೇತಿಗೆ ಮೀಸಲು, ಉಳಿದ ಹೊತ್ತು ಪ್ರವಾಸಿಗರಿಗೆ ಅಂತ ವರ್ಷಗಟ್ಟಲೆ ನಡೆಸಿಕೊಂಡು ಬಂದರು. ಆಗಲೇ ಹೇಳಿದ ಮುಟ್ಟಿ ಏಳುವ ಪಾಠಕ್ಕೆ ಇದಕ್ಕಿಂತ ಸರಳ ಪರಿಹಾರ ಇಲ್ಲ. ಹೊತ್ತು ಹಂಚಿಕೊಂಡರೆ ಆಯಿತು. ಬೀದರ್‌ಗೆ ದಿನಕ್ಕೆ ಒಂದೋ ಎರಡೋ ವಿಮಾನ ಬಂದರೆ ಅದಕ್ಕೆ ಇಡೀ ದಿನದಲ್ಲಿ ಬೇಕಾಗುವುದು ಸ್ವಲ್ಪ ಹೊತ್ತಿನ ರನ್‌ವೇ.

ಹಂಚಿಕೊಳ್ಳುವುದರಲ್ಲಿ ತೊಂದರೆಯೇ ಇಲ್ಲ ಅಂತಲ್ಲ. ರನ್‌ವೇ ದುರಸ್ತಿಗೆ ಅಂತ 2021ರ ಅಕ್ಟೋಬರ್‌ನಲ್ಲಿ ಪುಣೆಯನ್ನು ಎರಡು ವಾರ ಪೂರ್ತಿ ಮುಚ್ಚಿದ್ದರು. ಅಂಥ ನಿರ್ಧಾರ ವಾಯುಪಡೆಯದು. ಫೋಟೊ ತೆಗೆಯುವಂತಿಲ್ಲ. ಸುತ್ತಲಿನ ಕಟ್ಟಡಗಳ ಎತ್ತರಕ್ಕೆ ಅನುಮತಿ ಬೇಕು. ವಿಮಾನ ನಿಯಮಗಳ ಪ್ರಕಾರ ನೆಲೆಯ 10 ಕಿ.ಮೀ. ಸುತ್ತ ಕಸ, ಮಾಂಸದ ತ್ಯಾಜ್ಯ ಎಸೆಯುವಂತಿಲ್ಲ, ಹಕ್ಕಿಗಳು ಬರುತ್ತವೆ ಅಂತ. ಎಂಜಿನ್ ಒಂದೇ ಇರುವ ಹಾಕ್‌ನಂಥ ವಿಮಾನಕ್ಕೆ ಒಂದು ಹದ್ದು ಸಾಕು ಕೆಳಗೆ ಬೀಳಿಸಲು. ಈ ಕಟ್ಟುಪಾಡು ನ್ಯಾಯವಾದದ್ದೇ. ಊರಿನ ಕಸ ಎಲ್ಲಿ ಬೀಳುತ್ತದೆ ಅನ್ನುವುದು ಇಲ್ಲಿ ನಿಜಕ್ಕೂ ಜೀವದ ಪ್ರಶ್ನೆ.

ಆದರೆ ಬೀದರ್‌ನ ಟರ್ಮಿನಲ್ ಬಾಗಿಲು ವರ್ಷಗಟ್ಟಲೆ ಮುಚ್ಚಿದ್ದು ಇದರಿಂದ ಅಲ್ಲ. ಹೈದರಾಬಾದ್‌ನ ಶಂಷಾಬಾದ್ ವಿಮಾನ ನಿಲ್ದಾಣ ಕಟ್ಟಲು 2004ರಲ್ಲಿ ಕೇಂದ್ರ ಸರ್ಕಾರ ಖಾಸಗಿ ಕಂಪನಿಯ ಜೊತೆ ಒಪ್ಪಂದ ಮಾಡಿಕೊಂಡಿತು. ಹಾಕಿದ ದುಡ್ಡು ವಾಪಸ್ ಬರಬೇಕಲ್ಲ, ಅದಕ್ಕೆ 25 ವರ್ಷ 150 ಕಿ.ಮೀ. ಒಳಗೆ ಪೈಪೋಟಿಯ ನಿಲ್ದಾಣ ಬರಬಾರದು ಅಂತ ಷರತ್ತು ಇತ್ತು. ಬೆಂಗಳೂರಿನ ಒಪ್ಪಂದದಲ್ಲೂ ಇಂಥದ್ದೇ ಷರತ್ತು ಇದೆ, ಆದರೆ ಅಲ್ಲಿ ಮೈಸೂರು ಮತ್ತು ಹಾಸನಕ್ಕೆ ವಿನಾಯಿತಿ ಬರೆಸಿಕೊಂಡಿದ್ದರು. ಹೈದರಾಬಾದ್ ಒಪ್ಪಂದದ ಹೊತ್ತಿಗೆ ಬೀದರ್‌ನ ಹೆಸರು ಹೇಳುವವರು ಇರಲಿಲ್ಲ. ನೇರ ಅಳತೆಯಲ್ಲಿ ನಾವು ಆ 150 ಕಿ.ಮೀ. ಒಳಗೇ ಬೀಳುತ್ತೇವೆ. ಗಡಿಯಾಚೆಯ ಒಪ್ಪಂದ, ಗಡಿಯ ಈಚೆಯ ಬಾಗಿಲಿಗೆ ಬೀಗ. ನನಗೆ ಅತಿ ಹೆಚ್ಚು ನೋವು ಕೊಡುವುದು ಇದೇ. ಯಾರೂ ಬೀದರ್‌ಗೆ ಬೇಕಂತ ಕೆಟ್ಟದ್ದು ಮಾಡಲಿಲ್ಲ. ಬೀದರ್ ಯಾರಿಗೂ ನೆನಪಾಗಲಿಲ್ಲ, ಅಷ್ಟೇ.

ಬೀಗ ತೆಗೆದಿದ್ದು ಉಡಾನ್ ಯೋಜನೆ. ಸಣ್ಣ ಊರುಗಳಿಗೆ ವಿಮಾನ ಹಾರಿಸುವ ಕಂಪನಿಗೆ ಸರ್ಕಾರ ನಷ್ಟ ತುಂಬಿಕೊಡುತ್ತದೆ, ಬದಲಿಗೆ ಒಂದಷ್ಟು ಸೀಟುಗಳ ದರಕ್ಕೆ ಮಿತಿ ಇರಬೇಕು. 2020ರ ಫೆಬ್ರವರಿ 7ರಂದು ಟ್ರೂಜೆಟ್ ಕಂಪನಿಯ ಎಟಿಆರ್ ಎಂಬ ಸಣ್ಣ ವಿಮಾನದೊಂದಿಗೆ ಬೀದರ್–ಬೆಂಗಳೂರು ಸೇವೆ ಶುರುವಾಯಿತು. ಟರ್ಮಿನಲ್ ನಡೆಸುವ ಕೆಲಸ ಹೈದರಾಬಾದ್ ನಿಲ್ದಾಣ ನಡೆಸುವ ಜಿಎಂಆರ್ ಗುಂಪಿಗೇ ಬಂತು. ಪೈಪೋಟಿಯ ಭಯ ಅಲ್ಲಿಗೆ ಮುಗಿಯಿತು ಅನ್ನಬಹುದು. ಆದರೆ ಒಂದೂವರೆ ತಿಂಗಳಲ್ಲೇ ಕೋವಿಡ್ ಲಾಕ್‌ಡೌನ್. ಚೇತರಿಸಿಕೊಂಡಿತು ಅನ್ನುವಾಗ ಟ್ರೂಜೆಟ್ ಕಂಪನಿಯೇ ಹಾರಾಟ ನಿಲ್ಲಿಸಿತು. 2022ರ ಜೂನ್‌ನಲ್ಲಿ ಸ್ಟಾರ್ ಏರ್ ಕಂಪನಿಯ ವಿಮಾನ ಬಂತು, 2023ರ ಕೊನೆಯಲ್ಲಿ ನಿಂತಿತು. 2025ರ ಏಪ್ರಿಲ್‌ನಲ್ಲಿ ಮತ್ತೆ ಬಂತು.

ಈ ಬಂದು ಹೋಗುವ ಆಟಕ್ಕೆ ಕಾರಣ ಉಡಾನ್‌ನ ಲೆಕ್ಕದಲ್ಲೇ ಇದೆ. ಸಹಾಯಧನ ಒಂದು ಮಾರ್ಗಕ್ಕೆ ಮೂರು ವರ್ಷ ಮಾತ್ರ. ಅಷ್ಟರಲ್ಲಿ ಜನಕ್ಕೆ ರೂಢಿಯಾಗಿ ಮಾರ್ಗ ತನ್ನ ಕಾಲ ಮೇಲೆ ನಿಲ್ಲುತ್ತದೆ ಅನ್ನುವುದು ನಂಬಿಕೆ. ಆದರೆ ರೂಢಿ ಆಗಬೇಕಾದರೆ ವಿಮಾನ ದಿನಾ ಬರಬೇಕು, ಒಂದೇ ಹೊತ್ತಿಗೆ ಬರಬೇಕು. ಬೀದರ್‌ಗೆ ಇನ್ನೊಂದು ತೊಂದರೆ ಹೈದರಾಬಾದ್. 140 ಕಿ.ಮೀ., ಮೂರು ಗಂಟೆ. ಆಸ್ಪತ್ರೆಗೆ, ಮದುವೆ ಬಟ್ಟೆಗೆ, ದುಬೈ ವಿಮಾನಕ್ಕೆ ನಾವು ಹೋಗುವುದೇ ಅಲ್ಲಿಗೆ. ಶಂಷಾಬಾದ್‌ನಿಂದ ಬೆಂಗಳೂರಿಗೆ ಗಂಟೆಗೊಂದರಂತೆ ವಿಮಾನ ಸಿಗುತ್ತದೆ. ಬೀದರ್‌ನ ಒಂದು ವಿಮಾನ ಎರಡು ಸಲ ರದ್ದಾದರೆ ಸಾಕು, ಮೂರನೇ ಸಲ ಯಾರೂ ಅದನ್ನು ನಂಬಿ ಟಿಕೆಟ್ ತೆಗೆಯುವುದಿಲ್ಲ. ಸೀಟು ಖಾಲಿ ಉಳಿಯುತ್ತದೆ. ಸೀಟು ಖಾಲಿ ಅಂತ ಸೇವೆ ನಿಲ್ಲುತ್ತದೆ. 'ಬೀದರ್‌ನಲ್ಲಿ ಬೇಡಿಕೆ ಇಲ್ಲ' ಅಂತ ವರದಿ ಬರೆಯುತ್ತಾರೆ.

ನನ್ನ ಅನುಭವ ಹೇಳುತ್ತೇನೆ. ಒಮ್ಮೆ ಅಪ್ಪನ ಕಣ್ಣಿನ ಆಪರೇಷನ್ ಮುಗಿಸಿ ಬೆಂಗಳೂರಿನಿಂದ ಊರಿಗೆ ಹೊರಡಬೇಕಿತ್ತು. ಧೂಳು ಬೇಡ, ಜರ್ಕು ಬೇಡ ಅಂತ ಡಾಕ್ಟರ್ ಹೇಳಿದ್ದರು. ನಮ್ಮ ಊರಿಗೇ ವಿಮಾನ ಇತ್ತು, ಆದರೆ ನನಗೆ ಧೈರ್ಯ ಬರಲಿಲ್ಲ. ಹೈದರಾಬಾದ್‌ಗೆ ಹಾರಿ, ಅಲ್ಲಿಂದ ಕಾರು ಮಾಡಿ, ಕತ್ತಲಲ್ಲಿ ಜಹೀರಾಬಾದ್ ದಾಟಿ ಮನೆ ಸೇರಿದೆವು. ಮರುದಿನ ಬೆಳಿಗ್ಗೆ ಹಾಕ್ ಸದ್ದಾಯಿತು. ಕಣ್ಣಿಗೆ ಕಟ್ಟಿದ್ದ ಪಟ್ಟಿ ಮುಟ್ಟಿಕೊಳ್ಳುತ್ತಾ ಅಪ್ಪ, 'ಇದು ಇಳಿತದ ನೋಡು ಇಲ್ಲಿ' ಅಂದರು.

ದಿಲ್ಲಿ ಪಕ್ಕದ ಹಿಂಡನ್ ವಾಯುನೆಲೆಯನ್ನು ನೋಡಿದರೆ ದಾರಿ ಇದೆ ಅಂತ ಗೊತ್ತಾಗುತ್ತದೆ. ಅದು ದಿಲ್ಲಿ ವಿಮಾನ ನಿಲ್ದಾಣದ 150 ಕಿ.ಮೀ. ಒಳಗೆ ಮಾತ್ರ ಅಲ್ಲ, ಅದರ ಮಗ್ಗುಲಲ್ಲೇ ಇದೆ. ಆದರೂ 2019ರಲ್ಲಿ ಅಲ್ಲಿ ಟರ್ಮಿನಲ್ ತೆರೆಯಿತು. ನಮ್ಮ ಹುಬ್ಬಳ್ಳಿಯಿಂದಲೇ ಹಿಂಡನ್‌ಗೆ ವಿಮಾನ ಹಾರಿತು. 2025ರಲ್ಲಿ ಅಲ್ಲಿಂದ ಉಡಾನ್ ಅಲ್ಲದ ವಿಮಾನಗಳೂ ಶುರುವಾದಾಗ ದಿಲ್ಲಿ ನಿಲ್ದಾಣದ ಕಂಪನಿ ಹೈಕೋರ್ಟಿಗೆ ಹೋಯಿತು. ಜಗಳ ಆಗಿದೆ ನಿಜ. ಆದರೆ ರಾಜಧಾನಿಯ ಜನಕ್ಕೆ ಅಗತ್ಯ ಅಂತ ಕಂಡಾಗ ಷರತ್ತಿನ ಸಾಲಿನಲ್ಲೂ ಜಾಗ ಸಿಕ್ಕಿತು.

ಬೀದರ್‌ಗೆ ಬೇಕಾದ್ದು ದೊಡ್ಡದೇನಲ್ಲ. ಹಾಕ್ ಪಾಠಕ್ಕೆ ಬೆಳಗಿನ ಹೊತ್ತು ಬಿಟ್ಟು, ಬೆಂಗಳೂರಿಗೆ ದಿನಾ ಒಂದು ವಿಮಾನ, ಒಂದೇ ಹೊತ್ತಿಗೆ. ಕೇಂದ್ರದ ಮೂರು ವರ್ಷ ಮುಗಿದ ಮೇಲೆ ಆ ಕೊರತೆಯನ್ನು ರಾಜ್ಯ ಸರ್ಕಾರ ತುಂಬಬೇಕು. ಕಲ್ಯಾಣ ಕರ್ನಾಟಕದ ಅಭಿವೃದ್ಧಿಗೆ ಅಂತಲೇ ಪ್ರತ್ಯೇಕ ಮಂಡಳಿ ಇದೆ, ದುಡ್ಡು ಇದೆ. ರಸ್ತೆಗೆ ಕೊಡುವಂತೆ ಇದಕ್ಕೂ ಕೊಡಬಹುದು. ಬಸ್ಸು ಖಾಲಿ ಓಡಿದರೂ ಹಳ್ಳಿಯ ರೂಟ್ ನಿಲ್ಲಿಸುವುದಿಲ್ಲ ಅಲ್ವಾ, ಹಾಗೇ ಇದನ್ನೂ ನೋಡಬೇಕು. ಇನ್ನು ಷರತ್ತಿನ ವಿಷಯ. ಶಂಷಾಬಾದ್ ತೆರೆದಿದ್ದು 2008ರಲ್ಲಿ, ಅಲ್ಲಿಂದ 25 ವರ್ಷ ಅಂದರೆ 2033. ಆ ಹೊತ್ತಿಗೆ ಹೊಸ ಮಾತುಕತೆ ನಡೆದರೆ ಮೇಜಿನ ಮುಂದೆ ಬೀದರ್ ಪರವಾಗಿಯೂ ಒಬ್ಬರು ಕೂತಿರಬೇಕು. ಹೋದ ಸಲ ಆ ಕುರ್ಚಿ ಖಾಲಿ ಇತ್ತು.